ಪಂಪಿಂಗ್ ಕಡಿಮೆಯಾದ ಹೃದಯದಲ್ಲಿ ಬ್ಲಾಕ್‌ಗಳಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಕೋ ವರದಿಯಲ್ಲಿ ಪಂಪಿಂಗ್ ಶೇ. 30 ಎಂದಿದೆ. ಆಂಜಿಯೋಗ್ರಾಂ ಮಾಡಿಸಿದಾಗ ಮೂರು ನಾಳಗಳಲ್ಲಿ ಬ್ಲಾಕ್ ಕಂಡಿದೆ. ಒಬ್ಬ ವೈದ್ಯರು ಬೈಪಾಸ್ ಆಗಲೇಬೇಕು ಎನ್ನುತ್ತಾರೆ, ಇನ್ನೊಬ್ಬರು ಸ್ಟೆಂಟ್ ಸಾಕು ಎನ್ನುತ್ತಾರೆ, ಮತ್ತೊಬ್ಬರು ಸದ್ಯಕ್ಕೆ ಮಾತ್ರೆಯಲ್ಲೇ ನೋಡೋಣ ಎನ್ನುತ್ತಾರೆ. ಮನೆಯವರಿಗೆ ದಿಕ್ಕು ತೋಚದಂತಾಗುವುದು ಇಲ್ಲೇ. ಈ ಮೂರು ಮಾತುಗಳ ಹಿಂದೆ ಯಾವ ಲೆಕ್ಕಾಚಾರ ಇರುತ್ತದೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ಮಾತ್ರೆಗಳ ಪ್ರಮಾಣ ಕೊಟ್ಟಿರುವುದು ತಿಳಿವಳಿಕೆಗಾಗಿ. ಅದನ್ನು ನೋಡಿ ಯಾರೂ ತಾವಾಗಿಯೇ ಹೆಚ್ಚು ಕಡಿಮೆ ಮಾಡಿಕೊಳ್ಳಬಾರದು.

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಗುತ್ತದೆ ಎಂದೇ?

ಖಂಡಿತ ಇಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಒತ್ತಿ ಕಳಿಸಲು ಹೃದಯಕ್ಕೆ ಆಗುತ್ತಿಲ್ಲ, ಅಥವಾ ಒಳಗಿನ ಒತ್ತಡ ವಿಪರೀತ ಏರಿದರೆ ಮಾತ್ರ ಆಗುತ್ತಿದೆ ಎಂದರ್ಥ. ಏದುಸಿರು, ಮಲಗಿದರೆ ಉಸಿರುಕಟ್ಟುವುದು, ಕಾಲೂತ, ಸುಸ್ತು ಎಲ್ಲವೂ ಇದರಿಂದಲೇ ಬರುತ್ತವೆ.

ಪಂಪಿಂಗ್ ಎಂದು ಎಲ್ಲರೂ ಹೇಳುವ ಸಂಖ್ಯೆ ಇಎಫ್. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. ಆರೋಗ್ಯವಂತರಲ್ಲೂ ಇದು ಸಾಮಾನ್ಯವಾಗಿ ಶೇ. 55ರಿಂದ 70. ಹಾಗಾಗಿ ಇಎಫ್ 30 ಎಂದ ಕೂಡಲೇ ಹೃದಯದ ಶೇ. 70 ಭಾಗ ಸತ್ತಿದೆ ಎಂದು ಎದೆಗುಂದಬೇಡಿ. ಶೇ. 40 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪಂಪಿಂಗ್ ಕುಸಿದ ಹೃದಯ ವೈಫಲ್ಯ ಎನ್ನುತ್ತಾರೆ. ಬ್ಲಾಕ್ ತೆರೆಯುವ ದೊಡ್ಡ ಅಧ್ಯಯನಗಳು ನಡೆದದ್ದು ಶೇ. 35 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ. ಈ ಪುಟದ ಬಹುಪಾಲು ಮಾತು ಅವರಿಗೇ ಅನ್ವಯಿಸುತ್ತದೆ.

ಬ್ಲಾಕ್‌ನಿಂದ ಪಂಪಿಂಗ್ ಹೇಗೆ ಕುಸಿಯುತ್ತದೆ?

ಮೂರು ದಾರಿಗಳಿವೆ. ಒಂದೇ ಹೃದಯದಲ್ಲಿ ಮೂರೂ ಬೆರೆತಿರುವುದೇ ಹೆಚ್ಚು.

ಹೃದಯಾಘಾತವಾದ ಜಾಗದಲ್ಲಿ ಸ್ನಾಯು ಸತ್ತು ಗಾಯದ ಕಲೆಯಂಥ ನಾರು ಉಳಿಯುತ್ತದೆ. ಅದು ಮತ್ತೆಂದೂ ಕುಗ್ಗಿ ಹಿಗ್ಗುವುದಿಲ್ಲ. ಎರಡನೆಯದು, ರಕ್ತ ಸಾಲದೆ ಕೆಲಸ ನಿಲ್ಲಿಸಿ ಜೀವ ಹಿಡಿದುಕೊಂಡಿರುವ ಸ್ನಾಯು. ಇದನ್ನು ಸುಪ್ತ ಸ್ನಾಯು ಎನ್ನೋಣ. ರಕ್ತ ಸಿಕ್ಕರೆ ಇದು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮತ್ತೆ ಚುರುಕಾಗಬಹುದು. ಮೂರನೆಯದು, ಚೆನ್ನಾಗಿದ್ದ ಭಾಗವೇ ಹೆಚ್ಚಿನ ಹೊರೆ ಹೊತ್ತು ಹಿಗ್ಗುವುದು. ಹೃದಯದ ಆಕಾರ ಗುಂಡಗಾಗುತ್ತದೆ, ಮೈಟ್ರಲ್ ಕವಾಟದ ಎರಡು ಎಲೆಗಳು ಒಂದನ್ನೊಂದು ಮುಟ್ಟದೆ ರಕ್ತ ಹಿಂದಕ್ಕೆ ಸೋರುತ್ತದೆ.

ಕಾಲುವೆಗೆ ನೀರು ಬಿಟ್ಟರೆ ಬಾಡಿದ ಪೈರು ಚೇತರಿಸಿಕೊಳ್ಳುತ್ತದೆ, ಒಣಗಿ ಕಡ್ಡಿಯಾದ ಪೈರು ಚಿಗುರುವುದಿಲ್ಲ. ನಾಳ ತೆರೆದರೆ ಎಷ್ಟು ಲಾಭ ಎಂಬ ಪ್ರಶ್ನೆಯ ತಿರುಳು ಇದೇ. ಆದರೆ ಅಧ್ಯಯನಗಳ ಫಲಿತಾಂಶ ಈ ಸರಳ ಚಿತ್ರಕ್ಕಿಂತ ತೊಡಕಿನದು. ಅದನ್ನು ಮುಂದೆ ನೋಡುತ್ತೀರಿ.

ಬ್ಲಾಕ್ ಸಿಕ್ಕಿತು ಎಂದರೆ ಪಂಪಿಂಗ್ ಕುಸಿಯಲು ಅದೇ ಕಾರಣವೇ?

ಯಾವಾಗಲೂ ಅಲ್ಲ. ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವುದರಿಂದ ಅನವಶ್ಯಕ ಸ್ಟೆಂಟ್‌ಗಳು ಸೇರಿಕೊಳ್ಳುತ್ತವೆ. ವಯಸ್ಸಾದವರಲ್ಲಿ ಒಂದೆರಡು ಬ್ಲಾಕ್ ಇರುವುದು ಸಾಮಾನ್ಯ. ಪಕ್ಕದ ಸಣ್ಣ ಕವಲೊಂದರಲ್ಲಿ ಶೇ. 70 ಬ್ಲಾಕ್ ಇದ್ದು ಇಡೀ ಹೃದಯ ಒಂದೇ ಸಮ ದುರ್ಬಲವಾಗಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಆಗ ಬೇರೆ ಕಾರಣ ಹುಡುಕಬೇಕು. ಮದ್ಯಪಾನ, ವೈರಾಣು ಸೋಂಕು, ದೀರ್ಘಕಾಲದ ರಕ್ತದೊತ್ತಡ, ಕವಾಟದ ತೊಂದರೆ, ವಾರಗಟ್ಟಲೆ ವೇಗವಾಗಿ ಬಡಿದುಕೊಂಡ ಹೃದಯ, ಥೈರಾಯ್ಡ್, ಕೆಲವು ಕ್ಯಾನ್ಸರ್ ಔಷಧಿಗಳು, ಕುಟುಂಬದಲ್ಲಿ ಬಂದ ಸ್ನಾಯುರೋಗ ಎಲ್ಲವೂ ಆ ಪಟ್ಟಿಯಲ್ಲಿವೆ.

ಬ್ಲಾಕೇ ಕಾರಣ ಎನ್ನಲು ಬಳಸುವ ಒಂದು ಅಳತೆ ಹೀಗಿದೆ: ಎಡ ಮುಖ್ಯ ನಾಳದಲ್ಲಿ ಅಥವಾ ಎಲ್‌ಎಡಿ (ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ದೊಡ್ಡ ನಾಳ) ಆರಂಭದಲ್ಲಿ ಶೇ. 75 ಅಥವಾ ಹೆಚ್ಚಿನ ಬ್ಲಾಕ್, ಇಲ್ಲವೇ ಎರಡು ಅಥವಾ ಹೆಚ್ಚು ನಾಳಗಳಲ್ಲಿ ಅಷ್ಟು ಬ್ಲಾಕ್, ಇಲ್ಲವೇ ಹಿಂದೆ ಹೃದಯಾಘಾತವಾಗಿರುವುದು. ಅನುಮಾನ ಉಳಿದರೆ ಹೃದಯದ ಎಂಆರ್‌ಐ ಬಹಳ ಸಹಾಯಕ. ಬ್ಲಾಕ್‌ನಿಂದಾದ ಕಲೆ ಹೃದಯದ ಒಳಪದರದಿಂದ ಶುರುವಾಗಿ ಹೊರಕ್ಕೆ ಹಬ್ಬುತ್ತದೆ ಮತ್ತು ಒಂದು ನಾಳದ ವ್ಯಾಪ್ತಿಯೊಳಗೇ ಇರುತ್ತದೆ. ಬೇರೆ ಕಾಯಿಲೆಗಳ ಕಲೆ ಹೆಚ್ಚಾಗಿ ನಡುಪದರದಲ್ಲೋ ಹೊರಪದರದಲ್ಲೋ ಕಾಣುತ್ತದೆ.

ಯಾವ ಸಂದರ್ಭದಲ್ಲಿ ಚರ್ಚೆಗೆ ಜಾಗವೇ ಇಲ್ಲದೆ ನಾಳ ತೆರೆಯಬೇಕು?

ಹೃದಯಾಘಾತ ನಡೆಯುತ್ತಿರುವಾಗ. ನಾಳ ಪೂರ್ತಿ ಮುಚ್ಚಿ ಇಸಿಜಿಯಲ್ಲಿ ಎಸ್‌ಟಿ ಭಾಗ ಮೇಲೆದ್ದಿದ್ದರೆ, ಆಸ್ಪತ್ರೆಗೆ ಬಂದ 90 ನಿಮಿಷದೊಳಗೆ ತೆರೆಯುವುದು ಗುರಿ. ನೋವು ಶುರುವಾಗಿ 12 ಗಂಟೆಯೊಳಗೆ ಬಂದವರಿಗೆ ಇದರಿಂದ ಸ್ಪಷ್ಟ ಲಾಭವಿದೆ.

ಹೃದಯಾಘಾತದ ಜೊತೆಗೆ ರಕ್ತದೊತ್ತಡ ಕುಸಿದು, ಕೈಕಾಲು ತಣ್ಣಗಾಗಿ, ಮೂತ್ರ ನಿಂತುಹೋಗುವ ಕಾರ್ಡಿಯೋಜೆನಿಕ್ ಶಾಕ್‌ನಲ್ಲಂತೂ ಕಾಯಲೇಬಾರದು. 1999ರ ಶಾಕ್ ಅಧ್ಯಯನದಲ್ಲಿ 302 ರೋಗಿಗಳಿದ್ದರು. ತಕ್ಷಣ ನಾಳ ತೆರೆಸಿದವರಲ್ಲಿ ಮೊದಲ 30 ದಿನಗಳ ಸಾವಿನಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ, ಆದರೆ ಆರು ತಿಂಗಳ ಹೊತ್ತಿಗೆ ಸಾವು ಶೇ. 63ರಿಂದ ಶೇ. 50ಕ್ಕೆ ಇಳಿದಿತ್ತು. 2017ರ ಕಲ್ಪ್ರಿಟ್-ಶಾಕ್ ಅಧ್ಯಯನ ಇನ್ನೊಂದು ಪಾಠ ಕಲಿಸಿತು: ಅಂಥ ಹೊತ್ತಿನಲ್ಲಿ ಆಘಾತಕ್ಕೆ ಕಾರಣವಾದ ಒಂದು ನಾಳವನ್ನಷ್ಟೇ ತೆರೆಯಬೇಕು, ಉಳಿದವನ್ನು ಚೇತರಿಸಿಕೊಂಡ ಮೇಲೆ ನೋಡಬೇಕು. ಎಲ್ಲವನ್ನೂ ಒಂದೇ ಸಲ ತೆರೆಯಲು ಹೋದವರಲ್ಲಿ ಸಾವು ಮತ್ತು ಡಯಾಲಿಸಿಸ್ ಅಗತ್ಯ ಸೇರಿ ಹೆಚ್ಚಾಗಿತ್ತು.

ಇಲ್ಲಿಂದ ಮುಂದಿನ ಮಾತೆಲ್ಲ ತುರ್ತಿಲ್ಲದ, ಸ್ಥಿರವಾಗಿರುವ ರೋಗಿಗಳ ಕುರಿತು. ಇವರಿಗೆ ಒಂದೆರಡು ವಾರ ಯೋಚಿಸಲು ಸಮಯವಿರುತ್ತದೆ. ನಾಳೆಯೇ ಆಗಬೇಕು ಎಂಬ ಒತ್ತಡ ಬಂದರೆ ಅವಸರಕ್ಕೆ ಕಾರಣವೇನೆಂದು ಬಿಡಿಸಿ ಹೇಳಲು ಕೇಳಿ.

ಸ್ಟೆಂಟ್ ಹಾಕಿಸಿದರೆ ಪಂಪಿಂಗ್ ಹೆಚ್ಚಾಗುತ್ತದೆಯೇ?

ಬಹಳ ವರ್ಷ ಎಲ್ಲರೂ ಹೌದು ಎಂದೇ ನಂಬಿದ್ದರು. 2022ರಲ್ಲಿ ಪ್ರಕಟವಾದ ರಿವೈವ್ಡ್ ಅಧ್ಯಯನ ಆ ನಂಬಿಕೆಯನ್ನು ನೇರವಾಗಿ ಪರೀಕ್ಷಿಸಿತು. ಬ್ರಿಟನ್‌ನ 40 ಆಸ್ಪತ್ರೆಗಳಲ್ಲಿ ನಡೆದ ಇದರಲ್ಲಿ 700 ರೋಗಿಗಳಿದ್ದರು. ಎಲ್ಲರ ಇಎಫ್ 35 ಅಥವಾ ಕಡಿಮೆ, ಎಲ್ಲರಿಗೂ ವ್ಯಾಪಕ ಬ್ಲಾಕ್, ಜೊತೆಗೆ ಕನಿಷ್ಠ ನಾಲ್ಕು ಭಾಗಗಳಲ್ಲಿ ಜೀವಂತ ಸ್ನಾಯು ಇದೆ ಎಂದು ಪರೀಕ್ಷೆಯಲ್ಲಿ ಕಂಡಿತ್ತು. ಅರ್ಧದಷ್ಟು ಮಂದಿಗೆ ಸ್ಟೆಂಟ್ ಮತ್ತು ಮಾತ್ರೆ, ಉಳಿದವರಿಗೆ ಮಾತ್ರೆ ಮಾತ್ರ. ಸುಮಾರು 41 ತಿಂಗಳಲ್ಲಿ ಸಾವು ಅಥವಾ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವಿಕೆ ಸ್ಟೆಂಟ್ ಗುಂಪಿನಲ್ಲಿ ಶೇ. 37.2, ಮಾತ್ರೆ ಗುಂಪಿನಲ್ಲಿ ಶೇ. 38. ಅಂದರೆ ವ್ಯತ್ಯಾಸವಿಲ್ಲ. ಇಎಫ್ ಆರು ತಿಂಗಳಲ್ಲೂ ಒಂದು ವರ್ಷದಲ್ಲೂ ಎರಡೂ ಗುಂಪುಗಳಲ್ಲಿ ಒಂದೇ ಸಮ. ದಿನನಿತ್ಯದ ನೆಮ್ಮದಿ ಸ್ಟೆಂಟ್ ಹಾಕಿದವರಲ್ಲಿ ಮೊದಲ ವರ್ಷ ತುಸು ಚೆನ್ನಾಗಿತ್ತು, ಎರಡನೇ ವರ್ಷಕ್ಕೆ ಆ ಅಂತರವೂ ಅಳಿಸಿಹೋಯಿತು.

ಈ ಅಧ್ಯಯನ ಹೇಳದೇ ಇರುವುದನ್ನೂ ಗಮನಿಸಬೇಕು. ತೀವ್ರ ಎದೆನೋವು ಇದ್ದವರನ್ನು, ಹಿಂದಿನ ನಾಲ್ಕು ವಾರಗಳಲ್ಲಿ ಹೃದಯಾಘಾತವಾದವರನ್ನು ಇದರಲ್ಲಿ ಸೇರಿಸಿರಲಿಲ್ಲ. ಅವರ ವಿಷಯವೇ ಬೇರೆ. ನಡೆದರೆ ಎದೆ ಬಿಗಿಯುತ್ತದೆ, ಮಾತ್ರೆಗೂ ಬಗ್ಗುತ್ತಿಲ್ಲ ಎಂದಾದರೆ ಸ್ಟೆಂಟ್ ನೋವನ್ನು ಕಡಿಮೆ ಮಾಡುತ್ತದೆ, ಅದಕ್ಕಾಗಿ ಹಾಕಿಸುವುದು ಸರಿಯಾದ ನಿರ್ಧಾರವೇ. ನೋವೇ ಇಲ್ಲದವರಿಗೆ ಪಂಪಿಂಗ್ ಹೆಚ್ಚಿಸುವ ಭರವಸೆ ಕೊಟ್ಟು ಸ್ಟೆಂಟ್ ಹಾಕುವುದಕ್ಕೆ ಇಂದು ಆಧಾರ ತೀರಾ ದುರ್ಬಲ.

ಹಾಗಾದರೆ ಬೈಪಾಸ್‌ನಿಂದ ಲಾಭವಿದೆಯೇ?

ಇದೆ. ಆದರೆ ತಡವಾಗಿ ಸಿಗುತ್ತದೆ, ಮತ್ತು ಮುಂಗಡವಾಗಿ ಅಪಾಯವನ್ನು ಎದುರಿಸಬೇಕು.

ಸ್ಟಿಚ್ ಎಂಬ ಅಧ್ಯಯನದಲ್ಲಿ ಇಎಫ್ 35 ಅಥವಾ ಕಡಿಮೆ ಇದ್ದ 1212 ಮಂದಿಯನ್ನು ಬೈಪಾಸ್ ಮತ್ತು ಮಾತ್ರೆ, ಅಥವಾ ಮಾತ್ರೆ ಮಾತ್ರ ಎಂದು ಎರಡು ಗುಂಪು ಮಾಡಿದರು. ಮೊದಲ 30 ದಿನಗಳಲ್ಲಿ ಬೈಪಾಸ್ ಗುಂಪಿನಲ್ಲಿ ಸುಮಾರು ಶೇ. 4 ಮಂದಿ, ಮಾತ್ರೆ ಗುಂಪಿನಲ್ಲಿ ಸುಮಾರು ಶೇ. 1 ಮಂದಿ ತೀರಿಕೊಂಡರು. 2011ರ ವರದಿಯ ಹೊತ್ತಿಗೆ, ಅಂದರೆ ಐದು ವರ್ಷ ಸಮೀಪಿಸಿದಾಗ, ಸಾವು ಶೇ. 36 ಮತ್ತು ಶೇ. 41 ಇತ್ತು. ಆ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಅದೇ ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿ 2016ರಲ್ಲಿ ನೋಡಿದಾಗ ಚಿತ್ರ ಸ್ಪಷ್ಟವಾಯಿತು: ಸಾವು ಬೈಪಾಸ್ ಆದವರಲ್ಲಿ ಶೇ. 58.9, ಆಗದವರಲ್ಲಿ ಶೇ. 66.1. ಮಧ್ಯಮ ಆಯಸ್ಸಿನಲ್ಲಿ, ಅಂದರೆ ಗುಂಪಿನ ಅರ್ಧ ಮಂದಿ ಬದುಕಿದ್ದ ಅವಧಿಯಲ್ಲಿ, ಸುಮಾರು ಒಂದೂವರೆ ವರ್ಷದ ಗಳಿಕೆ.

ಈ ಸಂಖ್ಯೆಗಳನ್ನು ಒಂದು ಕ್ಷಣ ನಿಂತು ಓದಿ. ಬೈಪಾಸ್ ಆದ ಮೇಲೂ ಹತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯಲಿಲ್ಲ. ಇದು ಗಂಭೀರ ಕಾಯಿಲೆ. ಒಂದು ಶಸ್ತ್ರಚಿಕಿತ್ಸೆಯಿಂದ ಮುಗಿದುಹೋಗುವಂಥದ್ದಲ್ಲ. ಇನ್ನೊಂದು ಕಡೆ, ಮುಂದಿನ ಹತ್ತು ವರ್ಷ ಬದುಕುವ ಅವಕಾಶವಿರುವ ಮನುಷ್ಯನಿಗೆ ಆ ಗಳಿಕೆ ದೊಡ್ಡದು.

ವಯಸ್ಸಿನ ಪ್ರಕಾರ ವಿಂಗಡಿಸಿ ನೋಡಿದಾಗ ಲಾಭ ಅತಿ ಹೆಚ್ಚು ಕಂಡದ್ದು 54 ವರ್ಷ ಮೀರದವರಲ್ಲಿ. ವಯಸ್ಸು ಏರಿದಂತೆ ಬೇರೆ ಕಾಯಿಲೆಗಳಿಂದಾಗುವ ಸಾವು ಆ ಲಾಭವನ್ನು ತಿಂದುಹಾಕುತ್ತದೆ. ಮೂರು ನಾಳಗಳಲ್ಲೂ ಬ್ಲಾಕ್ ಇದ್ದವರಿಗೆ, ಹೃದಯ ಹೆಚ್ಚು ಹಿಗ್ಗಿದ್ದವರಿಗೆ ಅನುಕೂಲ ಜಾಸ್ತಿ ಕಂಡಿತು. ಅಧ್ಯಯನದಲ್ಲಿ ಮಹಿಳೆಯರು ಸುಮಾರು ಶೇ. 12 ಮಾತ್ರ ಇದ್ದರು ಎಂಬುದನ್ನೂ ನೆನಪಿಡಬೇಕು.

ಎರಡೂ ಬ್ಲಾಕ್ ದಾಟಿಸುವ ಚಿಕಿತ್ಸೆಗಳೇ ತಾನೆ, ಫಲಿತಾಂಶ ಯಾಕೆ ಬೇರೆ?

ಸ್ಟೆಂಟ್ ಈಗಿರುವ ಒಂದು ಬ್ಲಾಕನ್ನು ಸರಿಪಡಿಸುತ್ತದೆ. ಬೈಪಾಸ್ ನಾಳ ಬ್ಲಾಕ್‌ಗಿಂತ ಬಹಳ ಕೆಳಗೆ ಜೋಡಣೆಯಾಗುವುದರಿಂದ, ಮೇಲ್ಭಾಗದಲ್ಲಿ ನಾಳೆ ಹೊಸ ಬ್ಲಾಕ್ ಬಂದು ಒಡೆದರೂ ಕೆಳಗಿನ ಸ್ನಾಯುವಿಗೆ ರಕ್ತ ಹೋಗುತ್ತಲೇ ಇರುತ್ತದೆ. ಮುಂದಿನ ಹೃದಯಾಘಾತವನ್ನು ತಡೆಯುವುದೇ ಬೈಪಾಸ್‌ನ ನಿಜವಾದ ಕೊಡುಗೆ ಎಂದು ನಂಬಲು ಇದು ಗಟ್ಟಿ ಕಾರಣ. ಎದೆಗೂಡಿನ ಒಳಗೋಡೆಯ ಅಪಧಮನಿಯನ್ನು ಎಲ್‌ಎಡಿಗೆ ಜೋಡಿಸಿದರೆ ಅದು ಹತ್ತು ವರ್ಷವಾದರೂ ಬಹುಪಾಲು ಮಂದಿಯಲ್ಲಿ ತೆರೆದೇ ಇರುತ್ತದೆ. ಕಾಲಿನಿಂದ ತೆಗೆದ ಅಭಿಧಮನಿ ಅಷ್ಟು ಬಾಳಿಕೆ ಬರುವುದಿಲ್ಲ.

ಇನ್ನೊಂದು ಮಾತು. ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ಬೈಪಾಸ್ ಗೆದ್ದಿತು ಎಂದು ತೀರ್ಪು ಕೊಡುವುದು ಸರಿಯಲ್ಲ. ಸ್ಟಿಚ್ ರೋಗಿಗಳ ಮಧ್ಯಮ ವಯಸ್ಸು 60, ರಿವೈವ್ಡ್ ರೋಗಿಗಳದ್ದು ಸುಮಾರು 70. ಸ್ಟಿಚ್‌ಗೆ ರೋಗಿಗಳನ್ನು ಸೇರಿಸಿದ್ದು 2002ರಿಂದ 2007ರ ನಡುವೆ. ಆಗ ಇಂದಿನ ಎರಡು ಮುಖ್ಯ ಔಷಧಿಗಳು ಇರಲೇ ಇಲ್ಲ.

ನಮ್ಮ ವಿಷಯದಲ್ಲಿ ಯಾವುದು ಸರಿ ಎಂದು ಹೇಗೆ ತೀರ್ಮಾನಿಸುತ್ತಾರೆ?

ಒಳ್ಳೆಯ ಕ್ರಮವೆಂದರೆ ಹೃದ್ರೋಗ ತಜ್ಞರು, ಹೃದಯ ಶಸ್ತ್ರಚಿಕಿತ್ಸಕರು ಮತ್ತು ಹೃದಯ ವೈಫಲ್ಯವನ್ನು ನೋಡಿಕೊಳ್ಳುವ ವೈದ್ಯರು ಒಟ್ಟಿಗೆ ಕೂತು ಆಂಜಿಯೋಗ್ರಾಂ ನೋಡುವುದು. ಆಂಜಿಯೋಗ್ರಾಂ ಮೇಜಿನ ಮೇಲೆ ಮಲಗಿರುವಾಗಲೇ, ಅರ್ಧ ನಿದ್ದೆಯಲ್ಲಿ ಕೊಡುವ ಒಪ್ಪಿಗೆ ಸ್ಥಿರವಾಗಿರುವ ರೋಗಿಗೆ ತಕ್ಕುದಲ್ಲ.

ಬೈಪಾಸ್ ಕಡೆಗೆ ವಾಲಿಸುವ ಅಂಶಗಳು: 65–70ರ ಒಳಗಿನ ವಯಸ್ಸು, ಮೂರು ನಾಳಗಳ ಅಥವಾ ಎಡ ಮುಖ್ಯ ನಾಳದ ಬ್ಲಾಕ್, ಮಧುಮೇಹ, ಬ್ಲಾಕ್‌ನ ಆಚೆ ಹೊಲಿಗೆ ಹಾಕಲು ತಕ್ಕ ಗಾತ್ರದ ನಾಳ ಇರುವುದು, ಸೋರುವ ಮೈಟ್ರಲ್ ಕವಾಟವನ್ನು ಜೊತೆಯಲ್ಲೇ ರಿಪೇರಿ ಮಾಡಬೇಕಾಗಿರುವುದು. ಬೈಪಾಸ್‌ನಿಂದ ದೂರ ಸರಿಸುವ ಅಂಶಗಳು: ದೇಹ ತೀರಾ ಕೃಶವಾಗಿರುವುದು, ತೀವ್ರ ಶ್ವಾಸಕೋಶದ ಕಾಯಿಲೆ, ಮುಂದುವರಿದ ಕಿಡ್ನಿ ತೊಂದರೆ, ಹಿಂದೆ ಒಮ್ಮೆ ಎದೆ ತೆರೆದಿರುವುದು, ಬಲಭಾಗದ ಹೃದಯವೂ ಸೋತಿರುವುದು, ತುದಿಯವರೆಗೂ ಸಣ್ಣದಾಗಿ ಹರಡಿದ ಬ್ಲಾಕ್.

ನಮ್ಮ ಅಭಿಪ್ರಾಯ ಇಷ್ಟು: ಆಯಸ್ಸು ಹೆಚ್ಚಲಿ ಎಂಬ ಉದ್ದೇಶವಿದ್ದು ದೇಹ ತಡೆದುಕೊಳ್ಳುವಂತಿದ್ದರೆ ಬೈಪಾಸನ್ನು ಗಂಭೀರವಾಗಿ ಪರಿಗಣಿಸಿ. ಎದೆನೋವು ತಗ್ಗಲಿ ಎಂಬ ಉದ್ದೇಶವಿದ್ದು ಬೈಪಾಸ್ ಆಗದಿದ್ದರೆ ಸ್ಟೆಂಟ್. ಎರಡೂ ಇಲ್ಲದಿದ್ದರೆ ಮಾತ್ರೆಗಳನ್ನು ಪೂರ್ಣ ಪ್ರಮಾಣಕ್ಕೆ ಏರಿಸುವುದೇ ಚಿಕಿತ್ಸೆ. ಅದನ್ನು ಕೈಚೆಲ್ಲಿದಂತೆ ಎಂದು ಯಾರೂ ಭಾವಿಸಬಾರದು.

ಜೀವಂತ ಸ್ನಾಯು ಪತ್ತೆಹಚ್ಚುವ ವಯಬಿಲಿಟಿ ಪರೀಕ್ಷೆ ಮಾಡಿಸಲೇಬೇಕೇ?

ಎಲ್ಲರಿಗೂ ಬೇಕಿಲ್ಲ. ಮೂರು ಮುಖ್ಯ ವಿಧಾನಗಳಿವೆ. ಡೋಬುಟಮಿನ್ ಎಕೋದಲ್ಲಿ ಔಷಧಿಯನ್ನು ನಿಮಿಷಕ್ಕೆ ಕಿಲೋ ತೂಕಕ್ಕೆ 5–10 ಮೈಕ್ರೋಗ್ರಾಂ ಕೊಟ್ಟಾಗ ಮಲಗಿದ್ದ ಸ್ನಾಯು ಅಲುಗಿದರೆ ಜೀವವಿದೆ ಎಂದರ್ಥ. ಪ್ರಮಾಣ ಏರಿಸುತ್ತಾ 40ರವರೆಗೆ ಹೋದಾಗ ಅದೇ ಭಾಗ ಮತ್ತೆ ಸೋತರೆ ರಕ್ತದ ಕೊರತೆಯೂ ಇದೆ ಎಂದು ತಿಳಿಯುತ್ತದೆ. ಗ್ಯಾಡೊಲಿನಿಯಂ ಹಾಕಿದ ಎಂಆರ್‌ಐನಲ್ಲಿ ಕಲೆ ಗೋಡೆಯ ದಪ್ಪದ ಶೇ. 25ಕ್ಕಿಂತ ಕಡಿಮೆ ಇದ್ದರೆ ಚೇತರಿಕೆಯ ಸಾಧ್ಯತೆ ಹೆಚ್ಚು, ಶೇ. 50 ದಾಟಿದರೆ ಕಡಿಮೆ, ಶೇ. 75 ದಾಟಿದರೆ ಬಹುತೇಕ ಇಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ರಕ್ತ ಕಡಿಮೆ ಹೋಗುವ ಜಾಗ ಸಕ್ಕರೆಯನ್ನು ಹೀರಿಕೊಳ್ಳುತ್ತಿದೆಯೇ ನೋಡುತ್ತಾರೆ.

ಈ ಪರೀಕ್ಷೆಗಳು ಕೊಡುವ ಚಿತ್ರ ಸುಂದರ, ಆದರೆ ತೀರ್ಮಾನವನ್ನು ಅದೊಂದಕ್ಕೇ ಬಿಡಲಾಗದು. ಸ್ಟಿಚ್‌ನಲ್ಲಿ 601 ರೋಗಿಗಳಿಗೆ ಈ ಪರೀಕ್ಷೆ ಆಗಿತ್ತು. ಜೀವಂತ ಸ್ನಾಯು ಹೆಚ್ಚಿದ್ದವರಿಗೆ ಬೈಪಾಸ್‌ನಿಂದ ವಿಶೇಷ ಲಾಭವಾಯಿತು ಎಂದು ಕಾಣಲಿಲ್ಲ. ಅವರ ಇಎಫ್ ಏರಿತು ನಿಜ, ಆದರೆ ಬೈಪಾಸ್ ಆಗದೆ ಮಾತ್ರೆಯಲ್ಲೇ ಇದ್ದವರಲ್ಲೂ ಏರಿತು! ಹಾಗಾಗಿ ಜೀವಂತ ಸ್ನಾಯು ಇಲ್ಲ ಎಂಬ ಒಂದೇ ಕಾರಣಕ್ಕೆ ಬೈಪಾಸ್ ನಿರಾಕರಿಸುವುದೂ ಸರಿಯಲ್ಲ, ಇದೆ ಎಂಬ ಒಂದೇ ಕಾರಣಕ್ಕೆ ಸ್ಟೆಂಟ್ ಹಾಕುವುದೂ ಸರಿಯಲ್ಲ. ಶಸ್ತ್ರಚಿಕಿತ್ಸೆಯ ಅಪಾಯ ಹೆಚ್ಚಿದ್ದು ಲಾಭದ ಬಗ್ಗೆ ಅನುಮಾನವಿರುವಾಗ ಈ ಪರೀಕ್ಷೆಗೆ ಅರ್ಥವಿದೆ.

ಮಾತ್ರೆಗಳು ಅಷ್ಟೊಂದು ಮುಖ್ಯವೇ? ಯಾವುವು, ಎಷ್ಟು?

ಬ್ಲಾಕ್ ತೆರೆಸಿದರೂ ತೆರೆಸದಿದ್ದರೂ ಇವೇ ಬುನಾದಿ. ಪಂಪಿಂಗ್ ಕುಸಿದವರಿಗೆ ನಾಲ್ಕು ಬಗೆಯ ಔಷಧಿ ಆಯಸ್ಸನ್ನು ಹೆಚ್ಚಿಸುತ್ತವೆ.

ಬೀಟಾ ಬ್ಲಾಕರ್ ಗುಂಪಿನಲ್ಲಿ ಹೃದಯ ವೈಫಲ್ಯಕ್ಕೆ ನಂಬುವಂಥವು ಕಾರ್ವೆಡಿಲಾಲ್, ಬಿಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್ ಸಕ್ಸಿನೇಟ್. ಕಾರ್ವೆಡಿಲಾಲ್ 3.125 ಮಿ.ಗ್ರಾಂ ದಿನಕ್ಕೆರಡು ಬಾರಿ ಶುರುವಾಗಿ, ಸುಮಾರು ಎರಡು ವಾರಕ್ಕೊಮ್ಮೆ ದುಪ್ಪಟ್ಟಾಗುತ್ತಾ 25 ಮಿ.ಗ್ರಾಂ ದಿನಕ್ಕೆರಡು ಬಾರಿಗೆ ತಲುಪಬೇಕು. ಬಿಸೊಪ್ರೊಲಾಲ್ 1.25ರಿಂದ 10 ಮಿ.ಗ್ರಾಂ. ಶ್ವಾಸಕೋಶದಲ್ಲಿ ನೀರು ತುಂಬಿರುವಾಗ ಇದನ್ನು ಹೊಸದಾಗಿ ಶುರು ಮಾಡಬಾರದು. ಮೊದಲು ನೀರು ಇಳಿಯಬೇಕು.

ಎರಡನೆಯದು ಸಾಕ್ಯುಬಿಟ್ರಿಲ್-ವಾಲ್ಸಾರ್ಟನ್, ಇಲ್ಲವೇ ರಾಮಿಪ್ರಿಲ್, ಎನಲಾಪ್ರಿಲ್‌ನಂಥವು. ಈ ಪ್ರಿಲ್ ಮಾತ್ರೆಯಿಂದ ಸಾಕ್ಯುಬಿಟ್ರಿಲ್‌ಗೆ ಬದಲಾಗುವಾಗ 36 ಗಂಟೆ ಅಂತರ ಕಡ್ಡಾಯ. ಇಲ್ಲದಿದ್ದರೆ ತುಟಿ, ನಾಲಿಗೆ, ಗಂಟಲು ಊದಿಕೊಂಡು ಪ್ರಾಣಕ್ಕೆ ಕುತ್ತು ಬರಬಹುದು. ಮೂರನೆಯದು ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್, 25ರಿಂದ 50 ಮಿ.ಗ್ರಾಂ. ನಾಲ್ಕನೆಯದು ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ, ದಿನಕ್ಕೊಂದು. ಇದು ಸಕ್ಕರೆ ಕಾಯಿಲೆಯ ಮಾತ್ರೆ, ನನಗೆ ಶುಗರ್ ಇಲ್ಲವಲ್ಲ ಎಂದು ಬಿಟ್ಟುಬಿಡುವವರು ಬಹಳ. ಶುಗರ್ ಇಲ್ಲದವರಿಗೂ ಇದು ಹೃದಯಕ್ಕಾಗಿಯೇ.

ಬ್ಲಾಕ್‌ಗಾಗಿ ಇವುಗಳ ಜೊತೆ ಆಸ್ಪಿರಿನ್ 75 ಮಿ.ಗ್ರಾಂ ಮತ್ತು ಅಟೊರ್ವಾಸ್ಟಾಟಿನ್ 40–80 ಅಥವಾ ರೊಸುವಾಸ್ಟಾಟಿನ್ 20–40 ಮಿ.ಗ್ರಾಂ ಸೇರುತ್ತವೆ. ಕಾಲೂತ, ಉಬ್ಬಸ ಇಳಿಸಲು ಫ್ಯುರೊಸೆಮೈಡ್‌ನಂಥ ಮೂತ್ರವರ್ಧಕ. ಅದು ಆರಾಮ ಕೊಡುತ್ತದೆ, ಆದರೆ ಆಯಸ್ಸು ಹೆಚ್ಚಿಸುವ ನಾಲ್ಕರಲ್ಲಿ ಸೇರುವುದಿಲ್ಲ.

ಎಡವುವುದು ಎಲ್ಲಿ ಎಂದರೆ, ಆರಂಭದ ಸಣ್ಣ ಪ್ರಮಾಣದಲ್ಲೇ ವರ್ಷಗಟ್ಟಲೆ ನಿಂತುಬಿಡುವುದು. ಬಿಪಿ 100/60 ಕಂಡ ತಕ್ಷಣ ಹೆದರಿ ಮಾತ್ರೆ ಬಿಡುವುದು ಇನ್ನೊಂದು. ತಲೆ ತಿರುಗದೆ ಓಡಾಡಿಕೊಂಡಿದ್ದರೆ ಈ ರೋಗಿಗಳಿಗೆ ಆ ಬಿಪಿ ನಡೆಯುತ್ತದೆ. ತಲೆ ತಿರುಗಿದರೂ ಮೊದಲು ಮೂತ್ರವರ್ಧಕವನ್ನೋ, ಹೃದಯಕ್ಕೆ ಸಹಾಯ ಮಾಡದ ಬೇರೆ ಬಿಪಿ ಮಾತ್ರೆಯನ್ನೋ ಕಡಿಮೆ ಮಾಡಲಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಪೊಟ್ಯಾಶಿಯಂ ಮತ್ತು ಕ್ರಿಯಾಟಿನಿನ್ (ಕಿಡ್ನಿ ಕೆಲಸದ ಅಳತೆ) ಪರೀಕ್ಷೆಯನ್ನು ಮಾತ್ರೆ ಶುರುವಾದ ಅಥವಾ ಏರಿಸಿದ ಒಂದೆರಡು ವಾರದಲ್ಲಿ ತಪ್ಪಿಸಬೇಡಿ. ಪೊಟ್ಯಾಶಿಯಂ 5.5 ದಾಟಿದರೆ ಪ್ರಮಾಣ ತಗ್ಗಿಸಬೇಕು, 6 ದಾಟಿದರೆ ತುರ್ತು ಚಿಕಿತ್ಸೆ ಬೇಕು. ಕ್ರಿಯಾಟಿನಿನ್ ಮೊದಲಿಗಿಂತ ಶೇ. 30ರಷ್ಟು ಏರುವುದು ನಿರೀಕ್ಷಿತವೇ.

ಯಾವ ಔಷಧಿಗಳಿಂದ ದೂರವಿರಬೇಕು?

ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಮೈಯಲ್ಲಿ ನೀರು ಹಿಡಿದಿಡುತ್ತವೆ, ಕಿಡ್ನಿಗೂ ಪೆಟ್ಟು. ವೆರಪಮಿಲ್, ಡಿಲ್ಟಿಯಾಜೆಮ್ ಪಂಪಿಂಗನ್ನು ಇನ್ನಷ್ಟು ಕುಗ್ಗಿಸುತ್ತವೆ. ಶುಗರ್‌ನ ಪಯೊಗ್ಲಿಟಜೋನ್ ಬೇಡ. ಪೊಟ್ಯಾಶಿಯಂ ತುಂಬಿದ ಬದಲಿ ಉಪ್ಪು ಬೇಡ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು, ಬಿಪಿ ಪಾತಾಳಕ್ಕಿಳಿಯುತ್ತದೆ.

ಬೈಪಾಸ್‌ಗೆ ಮುಂಚೆ ಯಾವ ಮಾತ್ರೆ ಎಷ್ಟು ದಿನ ನಿಲ್ಲಿಸಬೇಕು?

ಸಾಮಾನ್ಯ ಪದ್ಧತಿ ಹೀಗಿದೆ: ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಕ್ಲೊಪಿಡೊಗ್ರೆಲ್ 5 ದಿನ, ಟಿಕಾಗ್ರೆಲರ್ 3ರಿಂದ 5 ದಿನ, ಪ್ರಾಸುಗ್ರೆಲ್ 7 ದಿನ ಮೊದಲು ನಿಲ್ಲುತ್ತವೆ. ಆಸ್ಪಿರಿನ್, ಸ್ಟಾಟಿನ್, ಬೀಟಾ ಬ್ಲಾಕರ್ ಮುಂದುವರಿಯುತ್ತವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಕನಿಷ್ಠ 3 ದಿನ ಮೊದಲು ನಿಲ್ಲಬೇಕು. ಇಲ್ಲದಿದ್ದರೆ ಉಪವಾಸದ ದೇಹದಲ್ಲಿ ಕೀಟೋನ್ ಆಮ್ಲ ಏರಬಹುದು, ಅದೂ ರಕ್ತದ ಸಕ್ಕರೆ ಹೆಚ್ಚಾಗದೆಯೇ. ಅದಕ್ಕೇ ಅದು ಕಣ್ಣು ತಪ್ಪುತ್ತದೆ. ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೃದ್ರೋಗ ತಜ್ಞರ ಮಾತಿಲ್ಲದೆ ಒಂದು ದಿನವೂ ನಿಲ್ಲಿಸಬಾರದು.

ಕಿಡ್ನಿ ಸರಿಯಿಲ್ಲ. ಆಂಜಿಯೋಪ್ಲಾಸ್ಟಿ (ಸ್ಟೆಂಟ್ ಹಾಕುವ ವಿಧಾನ) ಮಾಡಿಸಬಹುದೇ?

ಮಾಡಬಹುದು, ಎಚ್ಚರ ಹೆಚ್ಚು ಬೇಕು. ನಾಳಕ್ಕೆ ಹಾಯಿಸುವ ಡೈ ಕಿಡ್ನಿಗೆ ಹೊರೆ. ಅದನ್ನು ತಡೆಯಲು ಸಲೈನ್ ಕೊಡುವುದು ವಾಡಿಕೆ, ಆದರೆ ಹೃದಯ ಸೋತವರಿಗೆ ಹೆಚ್ಚು ಸಲೈನ್ ಹೋದರೆ ಶ್ವಾಸಕೋಶಕ್ಕೆ ನೀರು ಇಳಿಯುತ್ತದೆ. ಈ ಇಕ್ಕಟ್ಟಿಗೆ ಪರಿಹಾರ ಡೈ ಕಡಿಮೆ ಬಳಸುವುದು. ಬಳಸುವ ಡೈ ಮಿ.ಲೀ. ಲೆಕ್ಕದಲ್ಲಿ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಳತೆ) ಸಂಖ್ಯೆಯ ಮೂರು ಪಟ್ಟನ್ನು ಮೀರದಿದ್ದರೆ ಒಳ್ಳೆಯದು, ಅಂದರೆ ಇಜಿಎಫ್‌ಆರ್ 40 ಇದ್ದವರಿಗೆ ಸುಮಾರು 120 ಮಿ.ಲೀ. ನಾಳದೊಳಗಿನ ಅಲ್ಟ್ರಾಸೌಂಡ್ ಬಳಸಿದರೆ ಡೈ ಇನ್ನೂ ಕಡಿಮೆ ಸಾಕು. ಕೆಲಸ ಹೆಚ್ಚಿದ್ದರೆ ಒಂದೇ ದಿನ ಮುಗಿಸದೆ ಎರಡು ಸಲವಾಗಿ ಮಾಡಬಹುದು. ಮೆಟ್‌ಫಾರ್ಮಿನ್ ನುಂಗುವವರು ಮೊದಲೇ ತಿಳಿಸಿ. ಅದನ್ನು ನಿಲ್ಲಿಸಿದ್ದರೆ 48 ಗಂಟೆಯ ನಂತರ ಕ್ರಿಯಾಟಿನಿನ್ ನೋಡಿಯೇ ಮತ್ತೆ ಶುರು ಮಾಡುತ್ತಾರೆ.

ಪಂಪಿಂಗ್ 25 ಇರುವಾಗ ಬೈಪಾಸ್ ತಡೆದುಕೊಳ್ಳಲು ಸಾಧ್ಯವೇ?

ಸಾಧ್ಯ. ಇಎಫ್ ಸಂಖ್ಯೆಗಿಂತ ಕಿಡ್ನಿ, ಶ್ವಾಸಕೋಶ, ಬಲಭಾಗದ ಹೃದಯ, ನಡೆದಾಡುವ ಶಕ್ತಿ ಇವು ಫಲಿತಾಂಶವನ್ನು ಹೆಚ್ಚು ನಿರ್ಧರಿಸುತ್ತವೆ. ನೀರು ತುಂಬಿದ ಸ್ಥಿತಿಯಲ್ಲಿ ಕರೆದುಕೊಂಡು ಹೋಗುವುದಕ್ಕಿಂತ ಕೆಲವು ದಿನ ಔಷಧಿಯಿಂದ ಒಣಗಿಸಿ ಹೋಗುವುದು ಕ್ಷೇಮ. ಆಪರೇಷನ್ ನಂತರ ಮೊದಲ ಎರಡು ಮೂರು ದಿನ ಹೃದಯ ಇನ್ನಷ್ಟು ಮಂದವಾಗಿ, ಡ್ರಿಪ್ ಔಷಧಿ ಅಥವಾ ಬಲೂನ್ ಪಂಪ್ ಆಸರೆ ಬೇಕಾಗಬಹುದು. ಸುಮಾರು ಮೂವರಲ್ಲಿ ಒಬ್ಬರಿಗೆ ಬಡಿತ ಕೆಲಕಾಲ ಅಡ್ಡಾದಿಡ್ಡಿಯಾಗುತ್ತದೆ. ಪಾರ್ಶ್ವವಾಯು, ಕಿಡ್ನಿ ಸೋಲುವುದು, ಗಾಯದ ಸೋಂಕು ಇವೂ ಅಪಾಯದ ಪಟ್ಟಿಯಲ್ಲಿವೆ. ಎದೆಮೂಳೆ ಕೂಡಲು 6ರಿಂದ 8 ವಾರ ಬೇಕು. ಅಲ್ಲಿಯವರೆಗೆ 4–5 ಕೆ.ಜಿ.ಗಿಂತ ಭಾರ ಎತ್ತಬಾರದು, ಏಳುವಾಗ ಕೈಯೂರಿ ಎಳೆದುಕೊಳ್ಳಬಾರದು.

ಹಿಗ್ಗಿದ ಹೃದಯವನ್ನು ಕತ್ತರಿಸಿ ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆಯನ್ನೂ ಸ್ಟಿಚ್‌ನ ಇನ್ನೊಂದು ಭಾಗದಲ್ಲಿ 1000 ಮಂದಿಯಲ್ಲಿ ಪರೀಕ್ಷಿಸಿದ್ದರು. 2009ರ ಫಲಿತಾಂಶದ ಪ್ರಕಾರ ಬೈಪಾಸ್ ಜೊತೆ ಅದನ್ನು ಸೇರಿಸಿದ್ದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಆಪರೇಷನ್ ಇಲ್ಲದೆ ಬ್ಲಾಕ್ ಕರಗಿಸುವ ಚಿಕಿತ್ಸೆ ಇದೆಯಂತೆ, ನಿಜವೇ?

ಗಟ್ಟಿಯಾದ ಬ್ಲಾಕನ್ನು ಕರಗಿಸಿ ತೊಳೆದುಹಾಕುವ ಔಷಧಿ ಯಾವುದೂ ಇಲ್ಲ. ಸ್ಟಾಟಿನ್ ಬ್ಲಾಕನ್ನು ಗಟ್ಟಿ ಮಾಡಿ ಒಡೆಯದಂತೆ ನೋಡಿಕೊಳ್ಳುತ್ತದೆ, ಗಾತ್ರ ಸ್ವಲ್ಪ ಕುಗ್ಗಿಸುತ್ತದೆ. ಹೃದಯಾಘಾತವಾದ 1000 ಮಧುಮೇಹಿಗಳಲ್ಲಿ ಕೀಲೇಶನ್ ಡ್ರಿಪ್ (ದೇಹದ ಲೋಹದ ಅಂಶಗಳನ್ನು ಹೊರಹಾಕುವ ಔಷಧಿ) ಪರೀಕ್ಷಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಪ್ರಯೋಜನ ಕಾಣಲಿಲ್ಲ. ಇಂಥ ಚಿಕಿತ್ಸೆಗಾಗಿ ಮೇಲಿನ ನಾಲ್ಕು ಮಾತ್ರೆ ನಿಲ್ಲಿಸುವುದು ನಿಜವಾದ ಅಪಾಯ.

ಐಸಿಡಿ ಯಂತ್ರ ಯಾವಾಗ ಬೇಕಾಗುತ್ತದೆ?

ಇಎಫ್ 35 ಅಥವಾ ಕಡಿಮೆ ಇರುವವರಲ್ಲಿ ಹಠಾತ್ ಸಾವಿಗೆ ಕಾರಣ ಕಲೆಯ ಸುತ್ತ ಹುಟ್ಟುವ ವಿಪರೀತ ಬಡಿತ. ಎದೆಯ ಚರ್ಮದಡಿ ಕೂರಿಸುವ ಐಸಿಡಿ ಅದನ್ನು ಗುರುತಿಸಿ ಶಾಕ್ ಕೊಟ್ಟು ಸರಿಪಡಿಸುತ್ತದೆ. ಆದರೆ ಅವಸರದಲ್ಲಿ ಹಾಕುವುದಿಲ್ಲ. ಹೃದಯಾಘಾತವಾಗಿ ಕನಿಷ್ಠ 40 ದಿನ, ಬೈಪಾಸ್ ಅಥವಾ ಸ್ಟೆಂಟ್ ಆಗಿ ಸುಮಾರು 90 ದಿನ, ಸರಿಯಾದ ಮಾತ್ರೆಗಳ ಮೇಲೆ ಕನಿಷ್ಠ ಮೂರು ತಿಂಗಳು ಕಳೆದ ಮೇಲೆ ಎಕೋ ಮಾಡಿಸಿ, ಇಎಫ್ ಆಗಲೂ ಏರದಿದ್ದರೆ ಹಾಕುತ್ತಾರೆ. ಈ ಮೂರು ತಿಂಗಳ ಎಕೋ ಮರೆಯುವವರೇ ಜಾಸ್ತಿ. ಡಿಸ್ಚಾರ್ಜ್ ಆಗುವ ದಿನವೇ ತಾರೀಕು ಬರೆಸಿಕೊಳ್ಳಿ. ಇಸಿಜಿಯಲ್ಲಿ ಎಡಬದಿಯ ಬಂಡಲ್ ಬ್ಲಾಕ್ (ನಾಳದ ಬ್ಲಾಕ್ ಅಲ್ಲ, ವಿದ್ಯುತ್ ಸಂಕೇತಕ್ಕೆ ತಡೆ) ಇದ್ದು ಕ್ಯೂಆರ್‌ಎಸ್ ಎಂಬ ಅಲೆಯ ಅಗಲ 150 ಮಿಲಿಸೆಕೆಂಡ್ ದಾಟಿದ್ದರೆ ಎರಡೂ ಬದಿಯನ್ನು ಒಟ್ಟಿಗೆ ಬಡಿಸುವ ಸಿಆರ್‌ಟಿ ಪೇಸ್‌ಮೇಕರ್ ಹೆಚ್ಚು ಸಹಾಯಕ.

ಮನೆಯಲ್ಲಿ ಏನನ್ನು ಗಮನಿಸುತ್ತಿರಬೇಕು?

ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು. ಉಬ್ಬಸ ಬರುವ ಮೊದಲೇ ವೈದ್ಯರಿಗೆ ತಿಳಿಸಿ. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ವಾಂತಿ ಭೇದಿಯಾದ ದಿನ ಮೂತ್ರವರ್ಧಕ ಮತ್ತು ಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳಬೇಕೇ ಎಂದು ಫೋನ್ ಮಾಡಿ ಕೇಳಿ. ಎದೆನೋವು 15 ನಿಮಿಷ ದಾಟಿದರೆ, ಮಲಗಲಾಗದಷ್ಟು ಉಸಿರುಕಟ್ಟಿದರೆ, ಪ್ರಜ್ಞೆ ತಪ್ಪಿದರೆ ಆಂಬುಲೆನ್ಸ್ ಕರೆಯಬೇಕು. ಮಧುಮೇಹಿಗಳಲ್ಲಿ ಹೃದಯಾಘಾತ ನೋವಿಲ್ಲದೆ, ಬರೀ ಬೆವರು ಮತ್ತು ಏದುಸಿರಾಗಿಯೂ ಬರಬಹುದು.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಏನೇನು ಒಯ್ಯಬೇಕು?

ಆಂಜಿಯೋಗ್ರಾಂ ವರದಿಯ ಕಾಗದ ಸಾಲದು, ಅದರ ವಿಡಿಯೋ ಇರುವ ಸಿಡಿ ಬೇಕು. ಬೈಪಾಸ್ ನಾಳ ಜೋಡಿಸಲು ಜಾಗವಿದೆಯೇ ಎಂಬುದು ಅದನ್ನು ನೋಡಿದರೆ ಮಾತ್ರ ತಿಳಿಯುವುದು. ಹಳೆಯ ಮತ್ತು ಹೊಸ ಎಕೋ ವರದಿ, ಇಸಿಜಿ, ಕ್ರಿಯಾಟಿನಿನ್, ಪೊಟ್ಯಾಶಿಯಂ, ಹಿಮೋಗ್ಲೋಬಿನ್, ಮೂರು ತಿಂಗಳ ಸರಾಸರಿ ಸಕ್ಕರೆ, ಮಾತ್ರೆಗಳ ಹೆಸರು, ಪ್ರಮಾಣ ಮತ್ತು ಶುರುವಾದ ತಾರೀಕು. ಅಲ್ಲಿ ಕೇಳಬೇಕಾದದ್ದು ಹೀಗೆ: ಈ ಚಿಕಿತ್ಸೆಯ ಉದ್ದೇಶ ಆಯಸ್ಸೋ ನೋವಿನ ಶಮನವೋ? ನನ್ನ ವಯಸ್ಸು, ಕಿಡ್ನಿ ನೋಡಿದರೆ ಮೊದಲ ತಿಂಗಳ ಅಪಾಯ ಎಷ್ಟು? ಎಲ್ಲ ಮುಖ್ಯ ನಾಳಗಳಿಗೂ ರಕ್ತ ತಲುಪಿಸಲಾಗುತ್ತದೆಯೇ, ಕೆಲವು ಉಳಿದುಹೋಗುತ್ತವೆಯೇ? ನಾಲ್ಕು ಮಾತ್ರೆಗಳಲ್ಲಿ ನನಗೆ ಯಾವುದು ಇನ್ನೂ ಕೊಟ್ಟಿಲ್ಲ, ಯಾಕೆ?